ಚೈಕೋವ್ಸ್ಕಿಯ ಆರನೇ ಸಿಂಫನಿಗೆ ಮಂಗಳ ಯಾಕಿಲ್ಲ?

ಕುವೆಂಪುನಗರದ ಕೇಳುಗ:
ವಿ.ವಿ. ಮೊಹಲ್ಲಾದ ಗಣೇಶೋತ್ಸವದ ಕಚೇರಿಗಳನ್ನು ಕೇಳ್ತಾ ಬೆಳೆದವನು ನಾನು. ಎಷ್ಟೇ ಕರುಣರಸ ಹರಿದರೂ ಕೊನೆಗೆ ಮಂಗಳ ಹಾಡ್ತಾರೆ, ಸಮಾಧಾನವಾಗಿ ಎದ್ದು ಬರ್ತೀವಿ. ಮೊನ್ನೆ ರಷ್ಯಾದ ಸಂಗೀತಕಾರ ಚೈಕೋವ್ಸ್ಕಿಯ ಆರನೇ ಸಿಂಫನಿ, ಅಂದರೆ ‘ಪಥೆಟಿಕ್’ ಅನ್ನೋ ನಾಲ್ಕು ಭಾಗದ ವಾದ್ಯವೃಂದದ ಕೃತಿ, ಪೂರ್ತಿ ಕೇಳಿದೆ. ಮೂರನೇ ಭಾಗ ದಂಡು ಗೆದ್ದು ಬಂದ ಹಾಗೆ ಅಬ್ಬರಿಸಿ ನಿಲ್ಲುತ್ತೆ. ಅಷ್ಟಕ್ಕೇ ಬಿಡದೆ ನಾಲ್ಕನೆಯದನ್ನು ಯಾಕೆ ಅಷ್ಟು ಸಂಕಟದಲ್ಲಿ ಮುಗಿಸಿದ? ಇದನ್ನು ಬರೆದ ಒಂಬತ್ತೇ ದಿನಕ್ಕೆ ತೀರಿಕೊಂಡನಂತೆ. ಸಾವು ಮೊದಲೇ ಗೊತ್ತಿತ್ತೇ?

ಸರಸ್ವತಿಪುರಂ ಪಿಟೀಲು:
ಸರ್, ಒಂಬತ್ತು ದಿನ ಅನ್ನೋದು ಮೊದಲ ಪ್ರದರ್ಶನದಿಂದ ಲೆಕ್ಕ. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಾನೇ ನಿಂತು ನಡೆಸಿಕೊಟ್ಟ, ನವೆಂಬರ್ 6ಕ್ಕೆ ತೀರಿಕೊಂಡ. ಕಾಲರಾ ಅಂತ ಹೇಳಿದರು. ಆದರೆ ಕೃತಿ ಆಗಸ್ಟಿನಲ್ಲೇ ಮುಗಿದಿತ್ತು. ಪ್ರಯಾಣದಲ್ಲಿ ಮನಸ್ಸಿನಲ್ಲೇ ಇದನ್ನು ಕಟ್ಟುವಾಗ ತುಂಬಾ ಅತ್ತೆ ಅಂತ ತಂಗಿ ಮಗ ವ್ಲಾದಿಮಿರ್ ಡೇವಿಡಾವ್‌ಗೆ ಬರೆದಿದ್ದ. ಕೃತಿಯನ್ನು ಅರ್ಪಿಸಿದ್ದೂ ಆ ಹುಡುಗನಿಗೇ. ತನ್ನ ಕೃತಿಗಳಲ್ಲೆಲ್ಲ ಇದೇ ಉತ್ತಮ ಅಂತ ಹೆಮ್ಮೆಯನ್ನೂ ಪಟ್ಟ. ದಯವಿಟ್ಟು ಇದನ್ನು ಮರಣಪತ್ರ ಅಂದುಕೊಂಡು ಕೇಳಬೇಡಿ.

ನಾನು ಪಿಟೀಲು ಕಲಿಸುವವಳು. ನನ್ನನ್ನು ಹಿಡಿದು ನಿಲ್ಲಿಸೋದು ಕೊನೇ ಭಾಗದ ಮೊದಲ ಸಾಲು. ಆ ರಾಗವನ್ನು ಯಾರೂ ನುಡಿಸೋದೇ ಇಲ್ಲ! ವಾದ್ಯವೃಂದದಲ್ಲಿ ಪಿಟೀಲಿನವರದ್ದು ಎರಡು ಗುಂಪು: ಒಂದು ಸ್ವರ ಮೊದಲನೇ ಗುಂಪಿನದು, ಮುಂದಿನದು ಎರಡನೆಯವರದ್ದು, ಮತ್ತೆ ಇವರು, ಮತ್ತೆ ಅವರು. ಒಂದು ಗುಂಪಿನ ಸ್ವರಗಳನ್ನಷ್ಟೇ ನುಡಿಸಿದರೆ ಅರ್ಥವಿಲ್ಲದ ಜಿಗಿತಗಳು. ಎರಡೂ ಸೇರಿದಾಗ ಮಾತ್ರ ಇಳಿಯುತ್ತಾ ಬರುವ ಆ ಗೋಳು ನಮ್ಮ ಕಿವಿಯಲ್ಲಿ ಹುಟ್ಟುತ್ತೆ. ಆ ಕಾಲಕ್ಕೆ ಎರಡು ಗುಂಪೂ ವೇದಿಕೆಯ ಎಡಬಲಕ್ಕೆ ಎದುರುಬದುರು ಕೂರುತ್ತಿದ್ದವು. ಅದೇ ರಾಗ ಮತ್ತೆ ಬಂದಾಗ ಮೊದಲನೆಯವರಿಗೇ ಪೂರ್ತಿ ಕೊಡುತ್ತಾನೆ. ಹಂಚಿಕೊಂಡಿದ್ದ ದುಃಖ ಒಬ್ಬರ ಹೆಗಲಿಗೇ ಬಿದ್ದ ಹಾಗೆ ನನಗೆ ಕೇಳಿಸುತ್ತೆ. ಮೂರನೆಯದನ್ನೇ ಕೊನೆಗಿಟ್ಟಿದ್ದರೆ ನಿಮ್ಮ ಮಂಗಳ ಸಿಕ್ಕೇಬಿಡ್ತಿತ್ತು. ಗೊತ್ತಿದ್ದೂ ಬೇಡ ಅಂದ.

ಮಂಡ್ಯದ ಹುಡುಗ:
ಅಕ್ಕ, ಎರಡನೇ ಭಾಗಕ್ಕೆ ಕೈಯಲ್ಲಿ ತಾಳ ಹಾಕಿ ನೋಡಿ. ತಕ ತಕಿಟ, ತಕ ತಕಿಟ. ಐದೇ ಮಾತ್ರೆ, ನಮ್ಮ ಖಂಡಚಾಪು ಇದ್ದಂಗೇ! ಕೇಳೋಕೆ ವಾಲ್ಟ್ಜ್ ಅನ್ನೋ ಯುರೋಪಿನ ಕುಣಿತದ ಹಾಗಿದೆ, ಆದ್ರೆ ವಾಲ್ಟ್ಜ್ ಅಂದ್ರೆ ಮೂರು ಮಾತ್ರೆ ಇರಬೇಕಲ್ವಾ, ಇದ್ರಲ್ಲಿ ಕುಣಿಯೋಕೆ ಹೋದ್ರೆ ಕಾಲು ಕೂರಲ್ಲ.

ಇನ್ನೊಂದು, ಕೊನೇ ಭಾಗದಲ್ಲಿ ಜಾಗಟೆಯಂಥದ್ದು ಒಂದೇ ಒಂದು ಏಟು ಬೀಳುತ್ತೆ, ಅದು ಏನು? ನಮ್ಮೂರ ಕಡೆ ಹೆಣದ ಮುಂದೆ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸ್ತಾರೆ. ನಂಗೆ ತಟ್ಟಂತ ಅದೇ ನೆನಪಾಯ್ತು.

ಸರಸ್ವತಿಪುರಂ ಪಿಟೀಲು:
ಸರಿಯಾಗೇ ಕೇಳಿಸಿಕೊಂಡಿದ್ದೀಯಪ್ಪ. ಅದು ಟ್ಯಾಮ್‌ಟ್ಯಾಮ್ ಅನ್ನೋ ದೊಡ್ಡ ಜಾಗಟೆ. ಇಡೀ ಸಿಂಫನಿಯಲ್ಲಿ ಅದಕ್ಕಿರೋದು ಆ ಒಂದೇ ಏಟು, ಹಿಂದೆಯೇ ಟ್ರೊಂಬೋನ್ ಅನ್ನೋ ಹಿತ್ತಾಳೆಯ ಊದುವಾದ್ಯಗಳು ಮೆಲ್ಲಗೆ ಪ್ರಾರ್ಥನೆಯ ಹಾಗೆ ಬರುತ್ತವೆ. ಮೊದಲನೇ ಭಾಗದ ನಡುವಿನ ಗದ್ದಲವನ್ನೂ ಇನ್ನೊಮ್ಮೆ ಕೇಳು. ರಷ್ಯಾದ ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುವ ಪ್ರಾರ್ಥನೆಯ ರಾಗ ಅಲ್ಲೇ ಹಾದುಹೋಗುತ್ತೆ. ಸರ್, ನಿಮ್ಮ ಪ್ರಶ್ನೆಗೂ ಇದೇ ಉತ್ತರ ಅಂತ ನನಗನ್ನಿಸುತ್ತೆ: ತನ್ನ ಸಾವಿನ ದಿನ ಅವನಿಗೆ ಗೊತ್ತಿರಬೇಕಿರಲಿಲ್ಲ, ಸಾವಿನ ಬಗ್ಗೆಯೇ ಬರೀತಿದ್ದೀನಿ ಅನ್ನೋದು ಮೊದಲ ಭಾಗದಲ್ಲೇ ಗೊತ್ತಿತ್ತು.