ಅಪ್‌ಡೇಟ್: ಅಟ್ಟದಲ್ಲಿ ವೈರ್ ಕಡಿಯುತ್ತಿದ್ದ ಇಲಿಗಳ ಕಥೆ ಏನಾಯ್ತು

ಬದಿಯಡ್ಕದ ಹತ್ತಿರ ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಇಲಿ ವೈರ್ ಕಡಿದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಟ್ರಿಪ್ ಆಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಒಂಬತ್ತು ದಿನದಿಂದ ಒಮ್ಮೆಯೂ ಬಿದ್ದಿಲ್ಲ.

ನುಸಿಗುಳಿಗೆ ಉಪಯೋಗಕ್ಕೆ ಬರಲಿಲ್ಲ. ತಲೆನೋವು ಬಂದದ್ದು ನಮಗೆ, ಇಲಿಗಲ್ಲ. ಶಬ್ದ ಬಿಡುವ ಪ್ಲಗ್ ಯಂತ್ರವೂ ಸುಮ್ನೆ ದುಡ್ಡು ದಂಡ. ಅದರ ಪಕ್ಕದಲ್ಲೇ ಹಿಕ್ಕೆ ಸಿಕ್ಕಿತು!

ಫಲ ಕೊಟ್ಟದ್ದು "ಮೊದಲು ದಾರಿ ಮುಚ್ಚಿ" ಅಂದವರ ಮಾತು. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಕಡಿದ ವೈರನ್ನು ಪೂರ್ತಿ ಬದಲಿಸಿದರು. ಟೇಪ್ ಸುತ್ತಿ ಬಿಡಲು ಒಪ್ಪಲೇ ಇಲ್ಲ. ಹೊಸ ವೈರನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಎಳೆದು, ಪೈಪಿಗೂ ಅರ್ತ್ ಕೊಟ್ಟರು. ಗೋಡೆಯ ತೂತುಗಳಿಗೆ ಸ್ಟೀಲ್ ವೂಲ್ (ಉಕ್ಕಿನ ನಾರು) ತುರುಕಿ ಸಿಮೆಂಟ್ ಮೆತ್ತಿದೆವು. ಸಣ್ಣ ಇಲಿಗೆ 6 ಮಿ.ಮೀ. ಸಂದಿ ಸಾಕು, ನಂಬ್ತೀರಾ?

ಇನ್ನೊಂದು ವಿಷಯ. ಇಲಿ ವೈರ್ ಕಡಿಯುವುದು ಹಸಿವಿಗಲ್ಲ. ಅದರ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿದು ಸವೆಸಲೇಬೇಕು.

ಮಾಡಿಗೆ ತಾಗುತ್ತಿದ್ದ ಪೇರಳೆ ಗೆಲ್ಲು ಕಡಿಯಲು ಹೇಳಿದ ಅಣ್ಣನಿಗೆ ಜಾಸ್ತಿ ಥ್ಯಾಂಕ್ಸ್. ಅವು ಬರುತ್ತಿದ್ದದ್ದೇ ಅಲ್ಲಿಂದ. ಈ ವರ್ಷ ಪೇರಳೆ ಕಡಿಮೆ ಅಂತ ಅಮ್ಮನಿಗೆ ಮಾತ್ರ ಬೇಜಾರು.