ಡೇಟಾ ಸಫಿಶಿಯೆನ್ಸಿ: ಎರಡು ಅಜ್ಞಾತಕ್ಕೆ ಎರಡು ಸಮೀಕರಣ ಬೇಡವೇ?

ಕುಂಬಳೆ_ಲೆಕ್ಕ:
ಜಿಮ್ಯಾಟ್‌ನ (ಎಂಬಿಎ ಪ್ರವೇಶ ಪರೀಕ್ಷೆ) ಡೇಟಾ ಸಫಿಶಿಯೆನ್ಸಿ, ಅಂದರೆ ಕೊಟ್ಟ ಎರಡು ಹೇಳಿಕೆಗಳಿಂದ ಪ್ರಶ್ನೆಗೆ ಉತ್ತರಿಸಲು ಮಾಹಿತಿ ಸಾಕೇ ಎಂದು ಹೇಳುವ ಲೆಕ್ಕಗಳ ಅಭ್ಯಾಸಕ್ಕೆ ಸರಿಯಾದ ಕ್ರಮ ಯಾವುದು? ಈ ಲೆಕ್ಕ ನೋಡಿ. ಗೋಳಿಬಜೆ ಒಂದಕ್ಕೆ 7 ರೂಪಾಯಿ, ಚಾ ಒಂದಕ್ಕೆ 12. ಎಷ್ಟು ಚಾ ಕೊಂಡರು? ಹೇಳಿಕೆ 1: ಒಟ್ಟು ಬಿಲ್ಲು 64 ರೂಪಾಯಿ. ಹೇಳಿಕೆ 2: ಚಾ, ಗೋಳಿಬಜೆ ಸೇರಿ 7. ಅಜ್ಞಾತ ಎರಡಿರುವಾಗ ಎರಡೂ ಹೇಳಿಕೆ ಬೇಕು, ಉತ್ತರ ಸಿ (ಎರಡೂ ಸೇರಿದರೆ ಸಾಕು) ಆಗಬೇಕಲ್ಲ? ಉತ್ತರಗಳ ಕೀಯಲ್ಲಿ ಎ (ಹೇಳಿಕೆ 1 ಒಂದೇ ಸಾಕು) ಇದೆ. ಬ್ಯಾಂಕ್ ಪರೀಕ್ಷೆಯ ಗೈಡ್‌ನಿಂದಲೂ ಅಭ್ಯಾಸ ಮಾಡಬಹುದೇ?

ಮಂಜೇಶ್ವರ_ಗಣಿತ:
ಕೀ ಸರಿ ಉಂಟು ಮಾರಾಯ್ರೆ. ಅರ್ಧ ಚಾ, ಕಾಲು ಬಜೆ ಬಿಲ್ಲಿಗೆ ಬರುವುದಿಲ್ಲ, ಎರಡೂ ಪೂರ್ಣ ಸಂಖ್ಯೆಗಳೇ. 64ರಿಂದ 12, 24, 36, 48, 60 ಕಳೆಯುತ್ತ ಹೋಗಿ: 52, 40, 28, 16, 4. ಇವುಗಳಲ್ಲಿ 7ರಿಂದ ನಿಶ್ಶೇಷವಾಗಿ ಭಾಗವಾಗುವುದು 28 ಒಂದೇ. ಚಾ ಕೊಳ್ಳಲೇ ಇಲ್ಲ ಅಂದರೆ 64, ಅದೂ ಭಾಗವಾಗದು. ಹಾಗಾಗಿ 3 ಚಾ, 4 ಬಜೆ. ಹೇಳಿಕೆ 2 ಒಂದರಿಂದ ಏನೂ ತೀರ್ಮಾನವಾಗದು. ಬಜೆ 6 ರೂಪಾಯಿ, ಬಿಲ್ಲು 60 ಆಗಿದ್ದರೆ ಹಲವು ಜೋಡಿ ಹೊಂದುತ್ತಿದ್ದವು, ಆಗ ನಿಮ್ಮ ಸಿ ಸರಿ.

ಇದರ ತದ್ವಿರುದ್ಧವೂ ಕೇಳುತ್ತಾರೆ. 2 ಪೆನ್ನು 3 ಪುಸ್ತಕಕ್ಕೆ 120, 4 ಪೆನ್ನು 6 ಪುಸ್ತಕಕ್ಕೆ 240 ಎಂದರೆ ಸಮೀಕರಣ ಎರಡಲ್ಲ, ಒಂದೇ. ಪೆನ್ನಿನ ಬೆಲೆ ಕೇಳಿದರೆ ಉತ್ತರ ಇ (ಎರಡೂ ಸೇರಿದರೂ ಸಾಲದು).

ಬದಿಯಡ್ಕ_ಓದು:
ಕ್ರಮದ ಬಗ್ಗೆ ಹೇಳುವುದಾದರೆ, ಹೇಳಿಕೆ 2ನ್ನು ಕೈಯಿಂದ ಮುಚ್ಚಿ ಹೇಳಿಕೆ 1 ಮಾತ್ರ ಓದಿ. ಸಾಕಾದರೆ ಉಳಿಯುವುದು ಎ, ಡಿ (ಪ್ರತಿಯೊಂದೂ ತಾನೇ ಸಾಕು). ಸಾಲದಿದ್ದರೆ ಬಿ (ಹೇಳಿಕೆ 2 ಒಂದೇ ಸಾಕು), ಸಿ, ಇ. ಮತ್ತೆ ಹೇಳಿಕೆ 1ನ್ನು ಮುಚ್ಚಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ: ಮೊದಲನೆಯದರಲ್ಲಿ ‘ಸಂಖ್ಯೆ ಸೊನ್ನೆಗಿಂತ ದೊಡ್ಡದು’ ಎಂದಿರುತ್ತದೆ, ಎರಡನೆಯದರಲ್ಲಿ ‘ಅದರ ವರ್ಗ 16’. ಮೊದಲಿನದು ತಲೆಯಲ್ಲೇ ಉಳಿದು 4 ಎಂದು ಬಿ ಹಾಕುತ್ತಾರೆ. ಎರಡನೆಯದನ್ನಷ್ಟೇ ನೋಡಿದರೆ ಋಣ 4 ಕೂಡ ಆಗುತ್ತದೆ, ಆದ್ದರಿಂದ ಸಿ.

ಹೌದು-ಅಲ್ಲ ಪ್ರಶ್ನೆಗಳಲ್ಲಿ ಖಚಿತವಾದ ‘ಅಲ್ಲ’ ಬಂದರೂ ಮಾಹಿತಿ ಸಾಕು ಎಂದೇ ಅರ್ಥ. ಒಂದು ಸಂಖ್ಯೆ 6ರಿಂದ ಭಾಗವಾಗುತ್ತದೆಯೇ? ‘4ರಿಂದ ಭಾಗಿಸಿದರೆ ಶೇಷ 1’ ಎಂದರೆ ಅದು ಬೆಸ ಸಂಖ್ಯೆ, ಆಗುವುದೇ ಇಲ್ಲ. ಅಷ್ಟು ಸಾಕು.

ಸಾಲದು ಎಂದು ತೋರಿಸಲು ಬೇರೆ ಬೇರೆ ಉತ್ತರ ಕೊಡುವ ಎರಡು ಸಂಖ್ಯೆ ಸಿಕ್ಕರಾಯಿತು. ಸೊನ್ನೆ, 1, ಅರ್ಧ, ಒಂದು ಋಣ ಸಂಖ್ಯೆ ಹಾಕಿ ನೋಡಿ. ಸಾಕು ಎನ್ನಲು ಮಾತ್ರ ನಾಲ್ಕು ಸಂಖ್ಯೆ ಹೊಂದಿದರೆ ಆಗದು, ಕಾರಣ ಬೇಕು.

ಉಪ್ಪಳ_ಅಭ್ಯಾಸ:
ಬ್ಯಾಂಕ್ ಗೈಡ್ ಆಗಬಹುದು, ಆದರೆ ಆಯ್ಕೆಗಳ ಕ್ರಮ ನೋಡಿಕೊಳ್ಳಿ. ಜಿಮ್ಯಾಟ್‌ನಲ್ಲಿ ಸಿ ಅಂದರೆ ಎರಡೂ ಸೇರಿದರೆ ಸಾಕು, ಡಿ ಅಂದರೆ ಪ್ರತಿಯೊಂದೂ ತಾನೇ ಸಾಕು, ಇ ಅಂದರೆ ಸೇರಿದರೂ ಸಾಲದು. ಈ ಕ್ರಮ ಬದಲಾಗುವುದಿಲ್ಲ. ಬ್ಯಾಂಕ್ ಪತ್ರಿಕೆಗಳಲ್ಲಿ ಹಲವು ಕಡೆ ‘ಎರಡೂ ಸೇರಿ’ ಎನ್ನುವುದು ಇ ಆಗಿರುತ್ತದೆ. ಅಲ್ಲಿಯ ಲೆಕ್ಕ ಮಾಡಿ, ಉತ್ತರವನ್ನು ಅಕ್ಷರದಲ್ಲಿ ಬರೆಯದೆ ಮಾತಿನಲ್ಲೇ ಬರೆಯಿರಿ.

2023ರ ನವೆಂಬರಿನಲ್ಲಿ ಬಂದ ಜಿಮ್ಯಾಟ್‌ನ ಹೊಸ ಮಾದರಿಯಲ್ಲಿ ಡೇಟಾ ಸಫಿಶಿಯೆನ್ಸಿ ಪ್ರಶ್ನೆಗಳು ಕ್ವಾಂಟ್ (ಗಣಿತ ವಿಭಾಗ) ಬಿಟ್ಟು ಡೇಟಾ ಇನ್‌ಸೈಟ್ಸ್ ಎಂಬ ವಿಭಾಗಕ್ಕೆ ಹೋಗಿವೆ. ಆ ವಿಭಾಗದಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಸರಾಸರಿ ಒಂದಕ್ಕೆ ಎರಡೂಕಾಲು ನಿಮಿಷ. ಆದರೆ ಗ್ರಾಫ್, ಟೇಬಲ್ ಪ್ರಶ್ನೆಗಳು ಹೆಚ್ಚು ಸಮಯ ತಿನ್ನುವುದರಿಂದ ಇವನ್ನು ಎರಡು ನಿಮಿಷದೊಳಗೆ ಮುಗಿಸುವ ಅಭ್ಯಾಸ ಒಳ್ಳೆಯದು.

ಕುಂಬಳೆ_ಲೆಕ್ಕ:
ಉಪಕಾರ ಆಯಿತು. ಆ ವಿಭಾಗದಲ್ಲಿ ಸ್ಕ್ರೀನ್ ಮೇಲೆ ಕ್ಯಾಲ್ಕ್ಯುಲೇಟರ್ ಇರುತ್ತದಲ್ಲ, ಇದಕ್ಕೂ ಬಳಸಬೇಕೇ?

ಮಂಜೇಶ್ವರ_ಗಣಿತ:
ಹೆಚ್ಚಾಗಿ ಬೇಡ. ಉತ್ತರ ಒಂದೇ ಬರುತ್ತದೆ ಎಂದು ಗೊತ್ತಾದಲ್ಲಿಗೆ ಕೆಲಸ ಮುಗಿಯಿತು, ಅದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ವರ್ಗ ಸಮೀಕರಣ ಬಂದರೆ ಮಾತ್ರ ಮೂಲಗಳ ತನಕ ಹೋಗಿ: ಎರಡೂ ಒಂದೇ ಆಗಿರಬಹುದು, ಅಥವಾ ಒಂದು ಋಣವಾಗಿದ್ದು ವಯಸ್ಸು, ಉದ್ದದಂಥ ಲೆಕ್ಕದಲ್ಲಿ ಬಿದ್ದುಹೋಗಬಹುದು.