ಸೋದರಮಾವ ಗಾಲಿಕುರ್ಚಿಯಲ್ಲಿದ್ದಾರೆ: ಧಾರೆಯ ಮಂಟಪ ಹೇಗಿರಬೇಕು?

ಪ್ರಶ್ನೆ: ವಧುವಿನ ಅಣ್ಣ, ಹಾಸನ

ಎಲ್ಲರಿಗೂ ನಮಸ್ಕಾರ. ಬರುವ ವೈಶಾಖದಲ್ಲಿ ಹಾಸನದಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಗಿದೆ. ನಮ್ಮ ಕಡೆಯ ಪದ್ಧತಿಯಂತೆ ಧಾರೆಗೆ ಮುನ್ನ ವಧುವಿನ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವರು ಗಾಲಿಕುರ್ಚಿಯಲ್ಲೇ ಓಡಾಡುತ್ತಾರೆ. ನಾವು ನೋಡಿಬಂದ ಛತ್ರದಲ್ಲಿ ವೇದಿಕೆ ಮೂರು ಅಡಿ ಎತ್ತರವಿದೆ, ಊಟದ ಹಾಲ್ ನೆಲಮಾಳಿಗೆಯಲ್ಲಿದೆ. ಆ ಶಾಸ್ತ್ರವನ್ನು ಚಿಕ್ಕ ಮಾವನಿಂದ ಮಾಡಿಸಿದರಾಯಿತು ಎಂದು ಹಿರಿಯರು ಹೇಳುತ್ತಿದ್ದಾರೆ. ತಂಗಿ ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ. ಇದಲ್ಲದೆ ವರನ ಸ್ನೇಹಿತರಲ್ಲಿ ಕಿವಿ ಕೇಳಿಸದ ಕೆಲವರು ಬರುತ್ತಾರೆ, ನಮ್ಮ ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ. ಏನೇನು ಏರ್ಪಾಡು ಮಾಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಗಾಲಿಕುರ್ಚಿ ಬಳಸುವವ, ಚಿಕ್ಕಮಗಳೂರು

ಇಷ್ಟು ಮುಂಚಿತವಾಗಿ ಯೋಚಿಸುತ್ತಿರುವುದು ಸಂತೋಷ. ಆದರೆ ನಿಮ್ಮ ಬರಹದಲ್ಲಿ ಹಿರಿಯರ ಮಾತಿದೆ, ತಂಗಿಯ ಮಾತಿದೆ, ಮಾವನವರ ಮಾತು ಮಾತ್ರ ಇಲ್ಲ. ಮೊದಲು ಅವರನ್ನೇ ಕೇಳಿ.

ಇಳಿಜಾರಿನ ಲೆಕ್ಕ ಹೀಗಿದೆ: ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಎಂದರೆ ನಿಮ್ಮ ಮೂರು ಅಡಿಯ ವೇದಿಕೆಗೆ 36 ಅಡಿಯ ಇಳಿಜಾರು ಬೇಕು. ಅಷ್ಟು ಜಾಗ ಯಾವ ಛತ್ರದಲ್ಲೂ ಸುಲಭವಾಗಿ ಸಿಗದು. ಹಲಗೆಯೊಂದನ್ನು ಒರಗಿಸಿ 'ರ‍್ಯಾಂಪ್ ಇದೆ' ಎನ್ನುವವರನ್ನು ನಂಬಬೇಡಿ. ಪಾತ್ರೆ, ಅಕ್ಕಿಮೂಟೆ ಸಾಗಿಸಲು ಹಿಂಬದಿಯಲ್ಲಿ ಮಾಡಿರುವ ಕಡಿದಾದ ಇಳಿಜಾರನ್ನು ತೋರಿಸುವವರೂ ಇದ್ದಾರೆ. ಒದ್ದೆಯಾದ ಅಡುಗೆಮನೆಯ ಮೂಲಕ ಮದುವೆಮನೆಗೆ ಪ್ರವೇಶಿಸುವ ಹಣೆಬರಹ ನಮಗೇ ಏಕೆ? ನಾಲ್ಕು ಜನ ಸೇರಿ ಕುರ್ಚಿಸಮೇತ ಎತ್ತುವುದಂತೂ ಬೇಡವೇ ಬೇಡ. ಅದು ಅಪಾಯ, ಮೇಲಾಗಿ ಎಲ್ಲರ ಎದುರು ಮುಜುಗರ.

ಆದ್ದರಿಂದ ಧಾರೆಯ ಮಂಟಪವನ್ನೇ ವೇದಿಕೆಯಿಂದ ಇಳಿಸಿ ಹಾಲಿನ ನೆಲದ ಮೇಲೆ ಹಾಕಿಸಿ. ನಾಲ್ಕು ಅಂಗುಲದ ಹಲಗೆಯ ಕಟ್ಟೆಯಾದರೆ ನಾಲ್ಕು ಅಡಿಯ ಇಳಿಜಾರು ಸಾಕು. ಅದರ ಮೇಲೆ ಮೆತ್ತನೆಯ ಕಾರ್ಪೆಟ್ ಹಾಸಬಾರದು, ಮುಂದಿನ ಚಿಕ್ಕ ಚಕ್ರಗಳು ಅದರಲ್ಲಿ ಹೂತುಕೊಳ್ಳುತ್ತವೆ. ಇನ್ನೊಂದು ಸೂಕ್ಷ್ಮವಿದೆ: ಮಾವನವರು ತಾವೇ ಚಕ್ರ ತಿರುಗಿಸಿಕೊಂಡು ಬಂದರೆ ಸೊಸೆಯ ಕೈಹಿಡಿಯಲು ಅವರಿಗೆ ಕೈ ಬಿಡುವಿರುವುದಿಲ್ಲ. ಹಿಂದಿನಿಂದ ಯಾರು ತಳ್ಳಬೇಕೆಂಬುದನ್ನು ಅವರೇ ಆರಿಸಲಿ, ಒಮ್ಮೆ ಅಭ್ಯಾಸವನ್ನೂ ಮಾಡಿಕೊಳ್ಳಿ.

ಶೌಚಾಲಯದ ಬಾಗಿಲನ್ನು ಟೇಪು ಹಿಡಿದು ನೀವೇ ಅಳೆಯಿರಿ. ಸಾಮಾನ್ಯ ಗಾಲಿಕುರ್ಚಿಯೇ ಸುಮಾರು 25 ಅಂಗುಲ ಅಗಲವಿರುತ್ತದೆ. ಎರಡು ಅಡಿಯ ಬಾಗಿಲಿನೊಳಗೆ ಅದು ಹೋಗದು. ಬೆನ್ನುಹುರಿಗೆ ಪೆಟ್ಟಾದವರು ದಿನವಿಡೀ ಕುಳಿತೇ ಇದ್ದರೆ ಒತ್ತುಹುಣ್ಣಾಗುವ ಅಪಾಯವಿರುವುದರಿಂದ, ನೆಲಮಹಡಿಯಲ್ಲೇ ಮಂಚವಿರುವ ಒಂದು ಕೋಣೆಯನ್ನು ಅವರಿಗಾಗಿ ಕಾದಿರಿಸಿ. ಛತ್ರದವರು ಗೊಣಗಿದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೆಂದೇ ಎಣಿಕೆಯಾಗುತ್ತದೆ ಎಂಬುದನ್ನು ವಿನಯದಿಂದಲೇ ನೆನಪಿಸಿ.

ಛತ್ರವೇ ಸರಿಹೋಗದಿದ್ದರೆ, ಬಂಧುಗಳಲ್ಲಿ ಯಾರದಾದರೂ ಕಾಫಿ ತೋಟವಿದೆಯೇ ನೋಡಿ. ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ವೈಶಾಖದ ಹೊತ್ತಿಗೆ ಖಾಲಿಯಾಗಿರುತ್ತದೆ. ಸಿಮೆಂಟಿನ ಸಮತಟ್ಟು ನೆಲ, ಒಂದು ಮೆಟ್ಟಿಲೂ ಇಲ್ಲ. ನಮ್ಮ ಮನೆಯ ಮದುವೆ ನಡೆದದ್ದು ಅಂಥ ಕಣದಲ್ಲೇ. ಮಳೆ ತಡೆಯುವ ಚಪ್ಪರ ಮಾತ್ರ ಗಟ್ಟಿಯಾಗಿರಬೇಕು.

ಉತ್ತರ: ಮಂಟಪ ಅಲಂಕಾರದ ಕೆಲಸದವರು, ಅರಸೀಕೆರೆ

ಮಂಟಪವನ್ನು ನೆಲಕ್ಕಿಳಿಸಿದರೆ ಹಿಂದೆ ಕುಳಿತವರಿಗೆ ತಾಳಿ ಕಟ್ಟುವುದೇ ಕಾಣಿಸದು, ಆಮೇಲೆ ಎಲ್ಲರೂ ಎದ್ದು ಮುಂದಕ್ಕೆ ನುಗ್ಗುತ್ತಾರೆ. ಎರಡು ಬದಿಗೂ ಎಲ್‌ಇಡಿ ಪರದೆ ಹಾಕಿಸುವುದಾದರೆ ಮಾತ್ರ ಹೀಗೆ ಮಾಡಿ. ನಡುವಿನ ದಾರಿ ಐದು ಅಡಿ ಅಗಲವಿರಲಿ, ವಿಡಿಯೋದವರ ವೈರುಗಳು ಅದಕ್ಕೆ ಅಡ್ಡ ಬಾರದಿರಲಿ.

ಉತ್ತರ: ಕಿವುಡ ದಂಪತಿಯ ಮಗಳು, ಬೇಲೂರು

ವರನ ಸ್ನೇಹಿತರು ಸಂಜ್ಞಾ ಭಾಷೆ ಬಳಸುತ್ತಾರೋ, ತುಟಿಚಲನೆ ನೋಡಿ ಅರ್ಥಮಾಡಿಕೊಳ್ಳುತ್ತಾರೋ ಎಂಬುದನ್ನು ಮೊದಲು ವಿಚಾರಿಸಿ. ಸಂಜ್ಞಾ ಭಾಷೆಯಾದರೆ ಇಬ್ಬರು ದುಭಾಷಿಗಳು ಬೇಕು, ಏಕೆಂದರೆ ಅರ್ಧ ಗಂಟೆಯೊಳಗೆ ಒಬ್ಬರ ಕೈ, ಗಮನ ಎರಡೂ ದಣಿಯುತ್ತವೆ. ಲಗ್ನದ ಕಾಲದಲ್ಲಿ ಅವರು ಸಿಗುವುದು ಕಷ್ಟ. ಈಗಲೇ ಮೈಸೂರು, ಬೆಂಗಳೂರಿನಲ್ಲಿ ವಿಚಾರಿಸಿ. ದುಭಾಷಿಗಳು ಮಂಟಪದ ಪಕ್ಕದಲ್ಲಿ, ಮುಖಕ್ಕೆ ಬೆಳಕು ಬೀಳುವಂತೆ ನಿಲ್ಲಬೇಕು. ಯಾವ ಶಾಸ್ತ್ರ ಏಕೆ ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿಸಿದ ಒಂದು ಹಾಳೆಯನ್ನೂ ಕೊಡಿ. ನಮ್ಮ ತಂದೆ ತಾಯಿ ಎಷ್ಟೋ ಮದುವೆಗಳಿಗೆ ಹೋಗಿ, ಎಲ್ಲರೂ ಅಕ್ಷತೆ ಹಾಕಿದಾಗ ತಾವೂ ಹಾಕಿ, ಉಂಡು ಬಂದಿದ್ದಾರೆ, ಅಷ್ಟೇ.

ಅಜ್ಜಿಯ ಪಕ್ಕದಲ್ಲಿ ನಡೆಯುತ್ತಿರುವುದನ್ನು ಹೇಳುತ್ತಿರಲು ಮಾತುಗಾರ್ತಿ ಮೊಮ್ಮಗಳೊಬ್ಬಳು ಕುಳಿತಿರಲಿ. ಊಟದಲ್ಲಿ ಬಡಿಸುವವರು ಪ್ರತಿಯೊಂದನ್ನೂ ಹೆಸರು ಹೇಳಿ ಬಡಿಸಲಿ. ಉಪ್ಪು, ಉಪ್ಪಿನಕಾಯಿ ಎಲೆಯ ತುದಿಯಲ್ಲಿರುವುದು ಅವರಿಗೇ ಗೊತ್ತಿರುತ್ತದೆ, ಆದರೆ ಬಿಸಿ ಸಾರು ಎಲ್ಲಿ ಬಿತ್ತೆಂದು ಯಾರಾದರೂ ಹೇಳಬೇಕು.

ಉತ್ತರ: ಪೌರೋಹಿತ್ಯ ಮಾಡುವವರು, ಹಾಸನ

ಚಕ್ರಗಳು ಬೀದಿಯಲ್ಲಿ ಉರುಳಿದವು ಎಂದು ಯಾರಾದರೂ ಮಂಟಪದ ಬಳಿ ತಕರಾರು ತೆಗೆಯಬಹುದು. ಒದ್ದೆಬಟ್ಟೆಯಲ್ಲಿ ಟೈರುಗಳನ್ನು ಒರೆಸಿದರೆ ಮುಗಿಯಿತು. ಕಾಲು ತೊಳೆದು ಬರುವುದಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಕಾಣದು. ಮಣೆಯ ಮೇಲೆ ಕೂರಲಾಗದವರು ಕುರ್ಚಿಯಲ್ಲೇ ಕುಳಿತು ಧಾರೆಯ ನೀರಿಗೆ ಕೈಯೊಡ್ಡಬಹುದು. ನಿಮ್ಮ ಪುರೋಹಿತರಿಗೆ ಮುಂಚಿತವಾಗಿ ತಿಳಿಸಿ, ಮುಹೂರ್ತದ ಗಡಿಬಿಡಿಯಲ್ಲಿ ಚರ್ಚೆ ಬೇಡ.

ಮರುನುಡಿ: ವಧುವಿನ ಅಣ್ಣ

ಎಲ್ಲರಿಗೂ ಧನ್ಯವಾದಗಳು. ಮಾವನವರನ್ನು ಕೇಳಿದೆ. ಸೊಸೆಯನ್ನು ಕರೆತರುವುದು ತಾವೇ ಎಂದರು. ತಳ್ಳಲು ಚಿಕ್ಕ ಮಾವನನ್ನೇ ಆರಿಸಿದ್ದಾರೆ, ಹಿರಿಯರೂ ಈಗ ಸುಮ್ಮನಾಗಿದ್ದಾರೆ. ಆದರೆ ಆ ಛತ್ರದ ಶೌಚಾಲಯದ ಬಾಗಿಲು 23 ಅಂಗುಲವಿದೆ, ಊಟದ ಹಾಲಿಗೆ ಲಿಫ್ಟ್ ಇಲ್ಲ. ಮುಂಗಡ ಇನ್ನೂ ಕೊಟ್ಟಿಲ್ಲವಾದ್ದರಿಂದ ಭಾನುವಾರ ಬೇರೊಂದು ಛತ್ರ ನೋಡಲು ಹೊರಟಿದ್ದೇವೆ. ಮಾವನವರೂ ಜೊತೆಗೆ ಬರುತ್ತಿದ್ದಾರೆ.